ಕಲ್ಲು ನೋಡಾಕ ಹೋಗ್ಯಾರ

ನಮ್ಮ ಮನೆಯಲ್ಲಿ ಜಗಳಕ್ಕೆ ಒಂದು ಗೊತ್ತಾದ ದಿನವಿತ್ತು: ಧಾನ್ಯದ ಪೇಟೆಗೆ ರಜೆ ಇರುವ ದಿನ. ಹುಬ್ಬಳ್ಳಿಯ ಪೇಟೆಯಲ್ಲಿ ಅಪ್ಪನ ಅಂಗಡಿ ಇತ್ತು. ವಾರವೆಲ್ಲ ಜೋಳ, ಕಡಲೆ, ಹೆಸರುಕಾಳಿನ ಚೀಲಗಳ ನಡುವೆ ಕೂತು ಹುಬ್ಬಿನ ತನಕ ಧೂಳು ತುಂಬಿಕೊಂಡು ಮನೆಗೆ ಬರುತ್ತಿದ್ದವನು, ರಜೆಯ ದಿನ ಮಾತ್ರ ಬೇಗ ಎದ್ದು ಜಳಕ ಮುಗಿಸಿ, ಲಿಂಗಪೂಜೆ ಮಾಡಿಕೊಂಡು, ಬಾಗಿಲ ಮುಂದೆ ಸ್ಕೂಟರ್ ಒರೆಸುತ್ತ ನಿಲ್ಲುತ್ತಿದ್ದ. ಅವನು ಅರಿವೆ ಝಾಡಿಸಿದ ಸದ್ದು ಕೇಳಿದೊಡನೆ ಅಡುಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುವ ಸದ್ದು ಜೋರಾಗುತ್ತಿತ್ತು. ಆ ಬಡಿತದಲ್ಲೇ ಅವಳು ಏನು ಹೇಳುತ್ತಿದ್ದಾಳೆಂದು ನನಗೆ ತಿಳಿಯುತ್ತಿತ್ತು. ಬೇರೆಯವರ ಗಂಡಂದಿರು ರಜೆಯ ದಿನ ಸಂತೆಗೆ ಹೋಗುತ್ತಿದ್ದರು, ಬೀಗರ ಮನೆಗೆ ಹೋಗುತ್ತಿದ್ದರು, ಇಲ್ಲವೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಮ್ಮಪ್ಪ ಹಳ್ಳಿಗಳ ಹೊಲದಲ್ಲಿ, ಕೆರೆಯ ದಂಡೆಯಲ್ಲಿ, ಬಿದ್ದ ಗುಡಿಗಳ ಹಿಂದೆ ನಿಂತಿರುವ ಹಳೆಯ ಕಲ್ಲುಗಳನ್ನು ನೋಡಲು ಹೋಗುತ್ತಿದ್ದ. ವೀರಗಲ್ಲು, ಮಾಸ್ತಿಗಲ್ಲು, ಬರಹವಿರುವ ಶಾಸನ, ಏನಾದರೂ ಸರಿ. ಜೋಳ ಮಾರಲು ಬಂದ ರೈತರು ಚೀಲ ಇಳಿಸುವ ಮೊದಲೇ “ಅಣ್ಣಾರ, ನಮ್ಮ ಹೊಲದ ಬದುವಿನ್ಯಾಗ ಒಂದು ಬರಹದ ಕಲ್ಲ ಐತ್ರಿ” ಎಂದು ಹೇಳಿಬಿಡುತ್ತಿದ್ದರು. ಅಂಥ ರೈತನ ಜೋಳಕ್ಕೆ ಅಪ್ಪ ಚೌಕಾಸಿ ಮಾಡುವುದಿಲ್ಲ ಎಂದು ಪೇಟೆಯಲ್ಲೆಲ್ಲ ಗೊತ್ತಿತ್ತು.

ಅಪ್ಪ ಹೋದ ಮೇಲೆ ಯಾರಾದರೂ ಬಾಗಿಲಿಗೆ ಬಂದು ಸಾವಕಾರರು ಎಲ್ಲಿ ಎಂದು ಕೇಳಿದರೆ ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಿದ್ದಳು.

“ಕಲ್ಲು ನೋಡಾಕ ಹೋಗ್ಯಾರ.”

“ಮಂದಿ ಹೆಣ್ಣ ನೋಡಾಕ ಹೋಗತಾರ, ನಿಮ್ಮವ್ರು ಕಲ್ಲ ನೋಡಾಕ ಹೋಗತಾರೇನ್ರಿ?”

“ಹೂನ್ರೀ. ನನ್ನ ನೋಡಾಕ ಬಂದಾಗ ಚಹಾ ಕುಡದು ಲಗೂನ ಎದ್ದು ಹೋದವ್ರು, ಕಲ್ಲ ಮುಂದ ಕುಂತ್ರ ಸಂಜೀ ಮಟಾ ಏಳಂಗಿಲ್ಲ.”

ಬಂದವರು ನಗುತ್ತಿದ್ದರು. ಅವ್ವನೂ ನಗುತ್ತಿದ್ದಳು. ಒಳಗೆ ಬಂದ ಮೇಲೆ ನಗುತ್ತಿರಲಿಲ್ಲ.

ನಮ್ಮ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಚೀಲಗಳ ವಾಸನೆಯ ಪಡಸಾಲೆ, ಅದರ ಹಿಂದೆ ಆಯಿಯ ದೇವರ ಜಗುಲಿ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು ಮತ್ತು ಬೇವಿನ ಗಿಡದ ಹಿತ್ತಲು. ಆಯಿ ಎಂದರೆ ಅಪ್ಪನ ತಾಯಿ. ಅಪ್ಪನ ಕಲ್ಲಿನ ಹುಚ್ಚಿನಿಂದ ಆ ಮನೆಯಲ್ಲಿ ಲಾಭ ಪಡೆದವಳು ಅವಳೊಬ್ಬಳೇ. ಒಮ್ಮೆ ಯಾರೋ ರೈತ ನೇಗಿಲಿಗೆ ಸಿಕ್ಕಿದ್ದೆಂದು ಅಂಗೈಯಷ್ಟು ದೊಡ್ಡ, ಒಂದು ಕಡೆ ಚೂಪಾದ, ಎಣ್ಣೆ ಹಚ್ಚಿದಂತೆ ನುಣುಪಾದ ಕರಿಯ ಕಲ್ಲು ತಂದುಕೊಟ್ಟಿದ್ದ. ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಕಬ್ಬಿಣ ಇನ್ನೂ ಹುಟ್ಟದ ಕಾಲದಲ್ಲಿ ಮನುಷ್ಯರು ತಿಕ್ಕಿ ತಿಕ್ಕಿ ಮಾಡಿದ ಕೊಡಲಿ ಇದು, ಇದನ್ನು ಹಿಡಿದವನಿಗೆ ಅಕ್ಷರ ಅಂದರೇನೆಂದೇ ಗೊತ್ತಿರಲಿಲ್ಲ ಎಂದು ಹೇಳುತ್ತ ಊಟವನ್ನೇ ಮರೆತಿದ್ದ. ಮರುದಿನ ಹುಡುಕಿದರೆ ಕೊಡಲಿ ಆಯಿಯ ಉಪ್ಪಿನಕಾಯಿ ಗಡಿಗೆಯೊಳಗೆ, ಹೋಳುಗಳ ಮೇಲೆ ಹೇರಾಗಿ ಕೂತಿತ್ತು.

“ಛಲೋ ಕಲ್ಲ ಐತಿ ನೋಡಪಾ,” ಎಂದಳು ಆಯಿ. “ಕಾಯಿ ಮ್ಯಾಲೆ ಏಳಂಗಿಲ್ಲ, ಬೂಷ್ಟೂ ಬರಂಗಿಲ್ಲ. ಆ ಕಾಲದಾಗೂ ಇದಕ್ಕ ಮಾಡಿರಬೇಕು ತಗೊ.”

ನಾನು ಸಣ್ಣವಳಿದ್ದಾಗ ಅಪ್ಪನ ಜೊತೆ ಹೋಗುತ್ತಿದ್ದವಳು ನಾನೇ. ಸ್ಕೂಟರಿನ ಮುಂದೆ, ಅವನ ಎರಡೂ ತೋಳುಗಳ ನಡುವೆ ನಿಂತುಕೊಂಡು. ಮುಗದ ಎಂಬ ಊರಿನ ಹಾದಿಯಲ್ಲಿ ಎಳೆಯ ಭತ್ತದ ವಾಸನೆ ಮುಖಕ್ಕೆ ಬಡಿಯುತ್ತಿತ್ತು. ಗುಡಿಯೊಳಗೆ ಕಾಲಿಟ್ಟರೆ ಬಾವಲಿಯ ನಾತ, ಕಡಚಲು ಯಂತ್ರಕ್ಕೆ ಹಿಡಿದು ತಿರುಗಿಸಿದಂಥ ನುಣುಪಾದ ಕರಿಯ ಕಂಬಗಳು, ಆ ಕಂಬದೊಳಗೆ ತಲೆಕೆಳಗಾಗಿ ಕಾಣುವ ನನ್ನ ಮುಖ. ಅಪ್ಪ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಓದುತ್ತಿದ್ದ. ನಾನು ನೆರಳಿನಲ್ಲಿ ಆಡುತ್ತಿದ್ದೆ. ಸ್ವಲ್ಪ ಹೊತ್ತಾದ ಮೇಲೆ “ಅಪ್ಪಾ, ಬುತ್ತಿ ಯಾವಾಗ ಬಿಚ್ಚೂದು?” ಎಂದು ಕೇಳುತ್ತಿದ್ದೆ. ಕೇಳಿದ್ದು ಹಸಿವಿಗೆ, ಆದರೆ ಅಪ್ಪ ಅದನ್ನು ಮನೆಯಲ್ಲಿ, ಪೇಟೆಯಲ್ಲಿ, ಬೀಗರ ಮುಂದೆ, ಎಲ್ಲ ಕಡೆ ನಗೆಚಾಟಿಕೆಯಾಗಿ ಹೇಳಿ ಹೇಳಿ, ಕಡೆಗೆ ನಾನು ಎಂದರೆ ಬುತ್ತಿ ಬಿಚ್ಚುವವಳು ಎಂದೇ ಆಗಿಬಿಟ್ಟಿತು. ನಾನು ಬೆಳೆದೆ. ನನ್ನ ತಲೆ ಅಪ್ಪನ ಗದ್ದಕ್ಕೆ ಬಡಿಯತೊಡಗಿತು. “ಮುಂದಿನ ಹಾದಿ ಕಾಣವಲ್ದು ಶಾಂತೂ, ಇನ್ಮ್ಯಾಲೆ ನೀ ಹಿಂದ ಕೂಡಬೇಕು,” ಎಂದ ಅಪ್ಪ. ಹಿಂದಿನ ಸೀಟು! ದೊಡ್ಡವರ ಹಾಗೆ, ಕಾಲು ಒಂದೇ ಕಡೆ ಇಳಿಬಿಟ್ಟುಕೊಂಡು! ಬೇಸಿಗೆ ರಜೆಯೆಲ್ಲ ನಾನು ಪಡಸಾಲೆಯ ಜೋಳದ ಚೀಲದ ಮೇಲೆ ಹಾಗೆ ಕೂತು ರೂಢಿ ಮಾಡಿಕೊಂಡೆ. ಸಾಲಿ ಶುರುವಾಗುವ ಹೊತ್ತಿಗೆ ಗರಗದಿಂದ ಮಂಗಲಾ ಬಂದಳು.

ಮಂಗಲಾ ನನ್ನ ಚಿಗವ್ವನ, ಅಂದರೆ ಅವ್ವನ ತಂಗಿಯ ಮಗಳು, ನನಗಿಂತ ಒಂದು ತರಗತಿ ಮುಂದೆ. ಹೈಸ್ಕೂಲು ಓದಲು ನಮ್ಮ ಮನೆಗೆ ಬಂದಿದ್ದಳು. “ಮಂಗಲಕ್ಕ ಅನ್ನಬೇಕು,” ಎಂದು ಅವ್ವ ಹೇಳಿಕೊಟ್ಟಳು. ನಾನು ಅನ್ನಲಿಲ್ಲ. ಅವಳ ತಾಯಿ ಗರಗದಲ್ಲಿ ಖಾದಿ ನೂಲುತ್ತಿದ್ದಳು. ಮಂಗಲಾ ನಡೆಯಲು ಕಲಿಯುವ ಮೊದಲೇ ನೂಲು ಹಿಡಿದವಳು. ಎಳೆಯೊಳಗಿನ ಸಣ್ಣ ಗಂಟನ್ನು ನೋಡದೆಯೇ ಬೆರಳಿನ ತುದಿಯಿಂದ ಪತ್ತೆ ಹಚ್ಚುತ್ತಿದ್ದಳು. ಆ ಮೊದಲ ವಾರ ಊರು ತೋರಿಸಿದ ಹಾಗೂ ಆಗುತ್ತದೆ, ಹುಡುಗಿಗೆ ಮನೆಯ ನೆನಪು ಬರಬಾರದು ಎಂದು ಅಪ್ಪ ಅವಳನ್ನು ಹಿಂದೆ ಕೂರಿಸಿಕೊಂಡು ಹೋದ. ನಾನೇ ಬುತ್ತಿ ಕಟ್ಟಿ ಅವಳ ತೊಡೆಯ ಮೇಲಿಟ್ಟೆ. ಒಂದು ವಾರದ ಮಾತಲ್ಲವೇ ಎಂದುಕೊಂಡಿದ್ದೆ. ಸಂಜೆ ಅಪ್ಪ ಚಪ್ಪಲಿ ಬಿಡುವ ಮೊದಲೇ ಕೂಗುತ್ತ ಬಂದ.

“ಅವ್ವಾ! ಕೇಳತೈತೇನ! ಈ ಹುಡುಗಿ ಕೈಯಾಗ ಕಣ್ಣ ಅದಾವ! ನಾ ನೋಡಿ ನೋಡಿ ಬಿಟ್ಟ ಅಕ್ಷರಾ, ಕಣ್ಣ ಮುಚ್ಚಿ ಬೆರಳಾಡಿಸಿ ಹೇಳಿದ್ಲು. ‘ದೊಡ್ಡಪ್ಪಾ, ಇಲ್ಲೊಂದು ಗಂಟ ಐತ್ರಿ’ ಅಂದ್ಲು. ನೋಡಿದ್ರ ಅದು ‘ಳ’!”

ಆಯಿ “ಶಾಣ್ಯಾಕಿ” ಎಂದಳು. ಅವ್ವ ಮಂಗಲಾಳ ತಾಟಿಗೆ ಬೆಣ್ಣೆ ಹಾಕಿದಳು. ನನ್ನ ತಾಟಿಗೂ ಹಾಕಿದಳು, ಆದರೆ ಆಮೇಲೆ.

ಅಂದಿನಿಂದ ಹಿಂದಿನ ಸೀಟು ಅವಳದಾಯಿತು. ನಾನೂ ಬರುತ್ತೇನೆ ಎಂದಾಗಲೆಲ್ಲ ಅಪ್ಪ ಕೆನ್ನೆ ತಟ್ಟಿ, “ನಿನಗ ಬ್ಯಾಸರ ಆಗತೈತಿ ಶಾಂತೂ,” ಎನ್ನುತ್ತಿದ್ದ. ಅವನು ಸಿಟ್ಟಿನಿಂದ ಬೇಡ ಅಂದಿದ್ದರೆ ಅತ್ತು ಹಟ ಮಾಡಬಹುದಿತ್ತು. ಪ್ರೀತಿಯಿಂದ ಬೇಡ ಅನ್ನುತ್ತಿದ್ದ. ಅವರಿಬ್ಬರೂ ಹೋದ ಮೇಲೆ ನಾನು ಅವ್ವನ ಜೊತೆ ಅಡುಗೆಮನೆಯಲ್ಲಿ ಉಳಿಯುತ್ತಿದ್ದೆ. ಹೊಟ್ಟೆಕಿಚ್ಚಿಗೆ ರುಚಿ ಇದ್ದರೆ ಅದು ಹಸಿ ಮೆಣಸಿನಕಾಯಿಯದು: ಮೊದಲು ನಾಲಿಗೆಗೆ, ಆಮೇಲೆ ಕಿವಿಗೆ, ಕೊನೆಗೆ ಕಣ್ಣಿಗೆ. ಸಂಜೆ ಊಟಕ್ಕೆ ಕೂತರೆ ಇನ್ನೂ ಕಷ್ಟ. ಅವರಿಬ್ಬರಿಗೂ ಶಾಸನಗಳ ಒಂದು ಬೇರೆ ಭಾಷೆಯೇ ಬಂದುಬಿಟ್ಟಿತ್ತು. ಮತ್ತರು, ದತ್ತಿ, ಮಾನ್ಯ, ಅಳಿದವನು, ಕಾದವನು. ಮಂಗಲಾ ತಾಟು ಮುಂದೆ ಸರಿಸಿ, “ಸ್ವಸ್ತಿ! ಸಮಸ್ತ ಪ್ರಶಸ್ತಿ ಸಹಿತಂ ಶ್ರೀಮತ್ ಶೇಂಗಾ ಹಿಂಡಿಯಂ ಕೊಟ್ಟರ್!” ಎನ್ನುವಳು. ಅಪ್ಪ ಬಿದ್ದು ಬಿದ್ದು ನಗುತ್ತ ಹಿಂಡಿ ಬಡಿಸುವನು. ನಾನು ಒಮ್ಮೆ “ಸ್ವಸ್ತಿ, ನನಗ ಮಜ್ಜಿಗಿ,” ಎಂದೆ. ಯಾರೂ ನಗಲಿಲ್ಲ, ಅವ್ವ ಮಜ್ಜಿಗೆ ಹಾಕಿದಳು, ಅಷ್ಟೇ.

ನಾನು ಸುಮ್ಮನೆ ಕೂರುವ ಜಾತಿಯವಳಲ್ಲ. ಸಾಮಾನು ತಿಕ್ಕುವಾಗ ಕಣ್ಣು ಮುಚ್ಚಿ ಪಾತ್ರೆಗಳ ಮೇಲಿನ ಹೆಸರು ಓದಲು ಶುರು ಮಾಡಿದೆ. ಆಗೆಲ್ಲ ಪಾತ್ರೆ ಕೊಂಡರೆ ಅಂಗಡಿಯವನೇ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆದುಕೊಡುತ್ತಿದ್ದ. ತಾಟುಗಳ ಅಂಚಿನಲ್ಲಿ ಅಪ್ಪನ ಹೆಸರು, ಹಿತ್ತಾಳೆ ಕೊಡದ ಮೇಲೆ ಅಜ್ಜನ ಹೆಸರು, ಅವ್ವ ತವರಿನಿಂದ ತಂದ ತಾಮ್ರದ ಹಂಡೆಯ ಮೇಲೆ ಅವಳಪ್ಪನ ಹೆಸರು. ಬೂದಿ ಹತ್ತಿದ ಬೆರಳಿನಿಂದ ಮೆಲ್ಲಗೆ ಸವರುತ್ತ ಹೋದರೆ ಮೊದಲು ಬರೀ ತರಿ, ಆಮೇಲೆ ಬಾಗು, ಆಮೇಲೆ ಅಕ್ಷರ. ತಿಂಗಳು ಕಳೆಯುವುದರೊಳಗೆ ಮನೆಯ ಅಷ್ಟೂ ಪಾತ್ರೆ ಓದಿ ಮುಗಿಸಿದೆ. ಅವ್ವನ ಹೆಸರು ಮಾತ್ರ ಯಾವ ಪಾತ್ರೆಯ ಮೇಲೂ ಸಿಗಲಿಲ್ಲ. ಅದೇನೂ ನನಗೆ ದೊಡ್ಡ ಸಂಗತಿ ಅನ್ನಿಸಲಿಲ್ಲ. ಆ ಹೆಸರನ್ನು ಮನೆಯಲ್ಲಿ ಯಾರೂ ಅನ್ನುತ್ತಿರಲಿಲ್ಲ. ಆಯಿಗೆ ಅವಳು “ಏ ಹುಡುಗಿ”, ನಮಗೆ “ಅವ್ವ”, ಅಪ್ಪನಿಗೆ “ಕೇಳತೈತೇನ”.

ಆಗಲೇ ಸುಳ್ಳ ಎಂಬ ಊರಿನ ಆಚೆಯ ಕಲ್ಲು ನಮ್ಮ ಮನೆಗೆ ಬಂದದ್ದು. ಕಲ್ಲೇ ಬಂದಿತೆಂದಲ್ಲ, ಆದರೆ ಬಂದಂತೆಯೇ. ಫಕೀರಪ್ಪ ಎಂಬ ರೈತನ ಹತ್ತಿಯ ಹೊಲದ ಅಂಚಿನಲ್ಲಿ, ಬೇವಿನ ಕೆಳಗೆ ನಿಂತಿದ್ದ ಮಾಸ್ತಿಗಲ್ಲು ಅದು: ಗಂಡನ ಚಿತೆಯೇರಿದ ಯಾವಳೋ ಹೆಣ್ಣುಮಗಳ ನೆನಪಿಗೆ ನಿಲ್ಲಿಸಿದ್ದು. ಒಂದು ಕಂಬ, ಕಂಬದಿಂದ ಹೊರಟ ಒಂದು ತೋಳು, ಮೇಲೆತ್ತಿದ ಅಂಗೈ, ಮೊಳಕೈಯ ತನಕ ಬಳೆ. ಕೆಳಗೆ ಮೂರು ಸಾಲು ಬರಹ. ಊರು, ಗಂಡನ ಹೆಸರು, ಅವನು ದನ ಕಾಯಲು ಹೋಗಿ ಸತ್ತದ್ದು, ಎಲ್ಲ ಓದಲು ಸಿಕ್ಕಿತು. ಹೆಂಡತಿಯ ಹೆಸರಿನಲ್ಲಿ ಕೊನೆಯ “ಅಬ್ಬೆ” ಮಾತ್ರ ಸಿಕ್ಕಿತು. ಅದರ ಹಿಂದಿನ ಅಕ್ಷರಗಳ ಮೇಲೆ ಎಷ್ಟೋ ತಲೆಮಾರಿನ ರೈತರು ಕುಡುಗೋಲು ಮಸೆದಿದ್ದರು. ನಾಗಬ್ಬೆಯೋ, ಚಾಮಬ್ಬೆಯೋ, ಬೊಪ್ಪಬ್ಬೆಯೋ? ಅಪ್ಪನಿಗೆ ಹುಚ್ಚೇ ಹಿಡಿಯಿತು. ಬೇರೆ ಊರಿನ ಕಲ್ಲುಗಳನ್ನೆಲ್ಲ ಬಿಟ್ಟು ಪ್ರತಿ ರಜೆಗೂ ಅಲ್ಲಿಗೇ ಹೋಗತೊಡಗಿದ. ಓದುವ ಉಪಾಯವೂ ಅವನದೇ: ವಿಭೂತಿಯ ಗಟ್ಟಿಯನ್ನು ಅಡ್ಡ ಹಿಡಿದು ಕಲ್ಲಿನ ಮೈಗೆ ಹಗುರಾಗಿ ತಿಕ್ಕಿದರೆ ಮೈ ಬೆಳ್ಳಗಾಗಿ ತಗ್ಗಿನ ಅಕ್ಷರಗಳು ಕಪ್ಪಗೆ ಎದ್ದು ಕಾಣುತ್ತಿದ್ದವು. ಒಂದು ದಿನ ಆಯಿ ಪೂಜೆಗೆ ಕೂತು ತಡಕಾಡಿದಳು.

“ನನ್ನ ಇಬೂತಿ ಗಟ್ಟಿ ಎಲ್ಲೋ?”

“ಅದು… ತಂದಕೊಡ್ತೇನಿ ಅವ್ವಾ, ಹೊಸಾದು.”

“ಕಲ್ಲಿಗೆ ಬಡದಿ ಹೌದಲ್ಲೋ? ನನ್ನ ಹಣಿಗೆ ಇಲ್ಲದ್ದು ಆ ಸತ್ತಾಕೀಗೆ ಬೇಕಾತೇನೋ?”

“ಕಲ್ಲಿನ್ಯಾಗೂ ಶಿವಾ ಇದ್ದಾನ ಅಂತ ನೀನ ಹೇಳ್ತೀಯಲ್ಲವ್ವಾ.”

“ಇದ್ದಾನ. ಆದ್ರ ನನ್ನ ಗಟ್ಟೀನ ಕೇಳಿಲ್ಲ ಅಂವ.”

ಅಂದು ಊಟಕ್ಕೆ ಕೂತಾಗ ಅಪ್ಪ ಮತ್ತು ಮಂಗಲಾ ತುತ್ತು ಕೈಯಲ್ಲೇ ಹಿಡಿದು “ನಾಗಬ್ಬೆ ಆಗಂಗಿಲ್ರಿ ದೊಡ್ಡಪ್ಪ, ಅಲ್ಲಿ ದೀರ್ಘ ಹತ್ತಲ್ದು ಬೆರಳಿಗೆ,” “ಹಂಗಾರ ಬೊಪ್ಪಬ್ಬೆ?” ಎಂದು ನಡೆಸಿದ್ದರು. ಸಾರು ಆರಿ ಕೆನೆಗಟ್ಟಿತು. ಅವ್ವ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

“ಯಾವಾಕಿ ಅಕೀ? ಹೆಸರೂ ಗೊತ್ತಿಲ್ಲದಾಕೀ ಸಲುವಾಗಿ ಊಟಾ ಬಿಟ್ಟು ಕುಂತೀರಿ. ಮದಿವ್ಯಾಗಿ ಇಷ್ಟು ವರ್ಷಾತು, ನನ್ನ ಹೆಸರ ಒಮ್ಮೆರ ಬಾಯಾಗ ಬಂದೈತೇನ್ರಿ ನಿಮಗ?”

ಅಪ್ಪ ಗಾಬರಿಯಾದ. “ಹೆಂಡ್ತಿ ಹೆಸರ ಹಿಡದು ಹೆಂಗ ಕರೀಬೇಕು? ಮಂದಿ ಏನ ಅಂದಾರು?”

“ಕಲ್ಲಿನಾಕೀ ಹೆಸರ ಹಿಡದು ಕರಿಯಾಕ ಮಂದಿ ಏನೂ ಅನ್ನಂಗಿಲ್ಲೇನು?”

ಮಂಗಲಾ ನಕ್ಕುಬಿಟ್ಟಳು. ನಾನು ನಗಲಿಲ್ಲ. ಈ ಮನೆಯಲ್ಲಿ ನನ್ನಂಥ ಇನ್ನೊಬ್ಬಳಿದ್ದಾಳೆ ಎಂದು ಅಂದು ಗೊತ್ತಾಯಿತು. ಅವಳ ಸಿಟ್ಟು ಕಲ್ಲಿನ ಮೇಲೆ, ನನ್ನದು ಕಲ್ಲು ಓದುವವಳ ಮೇಲೆ. ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ: ಆ ಹೆಸರನ್ನು ನನ್ನ ಬೆರಳು ಓದಬೇಕು. ಮಂಗಲಾಗೆ ಸಿಗದ ಎರಡು ಅಕ್ಷರ ನನಗೆ ಸಿಕ್ಕರೆ ಅಪ್ಪ ಅದೇ ದನಿಯಲ್ಲಿ, ಚಪ್ಪಲಿ ಬಿಡುವ ಮೊದಲೇ, ನನ್ನ ಹೆಸರು ಕೂಗುತ್ತ ಮನೆಗೆ ಬರುತ್ತಾನೆ. ನನಗೆ ಬೇಕಾದದ್ದು ಅಷ್ಟೇ.

ಶೀಗೆ ಹುಣ್ಣಿಮೆ ಕಳೆದ ಮೇಲೊಂದು ರಜೆಯ ಮುಂಜಾನೆ ಮಂಗಲಾಗೆ ಗಂಟಲು ಬಾತು ಜ್ವರ ಬಂತು. ಏಳಲು ನೋಡಿದಳು, ಆಯಿ ಕೌದಿ ಹೊಚ್ಚಿ ಮಲಗಿಸಿದಳು. ಅಪ್ಪ ಸ್ಕೂಟರಿನ ಅರಿವೆ ಮಡಚಿಟ್ಟು, ಇವತ್ತು ಹೋಗುವುದು ಬೇಡ ಎಂದ. ನಾನು ಆಗಲೇ ಜಡೆ ಹಾಕಿಕೊಂಡು ಬುತ್ತಿ ಹಿಡಿದು ಬಾಗಿಲಲ್ಲಿದ್ದೆ.

“ನಾ ಬರ್ತೇನಿ ಅಪ್ಪಾ.”

“ನಿನಗ ಬ್ಯಾಸರ…”

“ಆಗಂಗಿಲ್ಲ!”

ಅಪ್ಪ ಇನ್ನೇನು ಹೂಂ ಅನ್ನಬೇಕು, ಅಡುಗೆಮನೆಯಿಂದ ಅವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಇಳಕಲ್ಲ ಸೀರೆ ಉಟ್ಟಾಗಿತ್ತು.

“ನಾನೂ ಬರ್ತೇನಿ. ನನ್ನ ಸವತೀನ ಒಮ್ಮೆ ಕಣ್ಣಿಲೆ ನೋಡಿ ಬಿಡ್ತೇನಿ.”

ಮೂವರು ಸ್ಕೂಟರಿನ ಮೇಲೆ ಹಿಡಿಸುವುದಿಲ್ಲ. ಬಸ್ಸಿಗೆ ಹೋದೆವು. ಮಂಗಲಾ ಹಾಸಿಗೆಯಲ್ಲಿದ್ದ ದಿನವೂ ಆ ಸೀಟು ನನಗೆ ಸಿಗಲಿಲ್ಲ.

ಸುಳ್ಳದಲ್ಲಿ ಇಳಿದು ಚಕ್ಕಡಿಯ ಹಾದಿ ಹಿಡಿದು ನಡೆದೆವು. ಕರಿಮಣ್ಣು ಆಗಷ್ಟೇ ಬಿರಿಯತೊಡಗಿತ್ತು. ಎರಡೂ ಕಡೆ ಹತ್ತಿ, ನಡುನಡುವೆ ಮೆಣಸಿನ ಗಿಡ. ನಾನು ದಾರಿಯುದ್ದಕ್ಕೂ ಬಲಗೈಯನ್ನು ಏನಕ್ಕೂ ತಾಗಿಸದೆ, ಹೊಸ ಬಳಪ ಕಾಪಾಡಿದ ಹಾಗೆ ಎದೆಗೆ ಹಿಡಿದುಕೊಂಡು ನಡೆದೆ, ಬುತ್ತಿ ಎಡಗೈಯಲ್ಲಿತ್ತು. ಬೇವು ದೂರದಿಂದಲೇ ಕಂಡಿತು. ಅದರ ಕೆಳಗೆ ಹೆಂಗಸರ ಗುಂಪು. ಅಪ್ಪ ಬೇಗ ಬೇಗ ಹೆಜ್ಜೆ ಹಾಕಿದ. ಹತ್ತಿರ ಹೋಗಿ ನೋಡಿದರೆ ಕಲ್ಲಿಗೆ ಅಡಿಯಿಂದ ಮುಡಿಯ ತನಕ ಎಣ್ಣೆ ಸುರಿದಿತ್ತು. ಎಣ್ಣೆಯ ಮೇಲೆ ಅರಿಷಿಣ, ಅರಿಷಿಣದ ಮೇಲೆ ಕುಂಕುಮ, ಎತ್ತಿದ ಕೈಗೆ ಹಸಿರು ಬಳೆ, ಕೆಳಗಿನ ಮೂರು ಸಾಲಿನ ಮುಂದೆಯೇ ದೀಪ. ಅದರ ಮಸಿ ಅಕ್ಷರಗಳೊಳಗೆ ಇಳಿದು ಗಟ್ಟಿಯಾಗಿತ್ತು. ನಾನು ಅಪ್ಪ ಏನಾದರೂ ಅನ್ನುವ ಮೊದಲೇ ಕೂತು ಬೆರಳಿಟ್ಟೆ. ಬೆರಳು ಜಾರಿತು. ಇನ್ನೊಮ್ಮೆ ಇಟ್ಟೆ, ಇನ್ನೊಮ್ಮೆ ಜಾರಿತು. ತರಿಯಿಲ್ಲ, ಬಾಗಿಲ್ಲ, ಏನೂ ಇಲ್ಲ; ಹೋಳಿಗೆಗೆ ನಾದಿದ ಕಣಕದ ಮೇಲೆ ಕೈಯಾಡಿಸಿದ ಹಾಗೆ.

“ಯಾರ ಮಾಡಿದ್ರಿದನ್ನ?” ಎಂದ ಅಪ್ಪ.

ಫಕೀರಪ್ಪನ ಹೆಂಡತಿ ಯಲ್ಲವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಮುಖದ ತುಂಬ ಹಿಗ್ಗು.

“ನೀವ ಅಲ್ರೀ ಸಾವಕಾರ್ರ, ಹಾದಿ ಹಾಕಿಕೊಟ್ಟವ್ರು! ವಾರಾ ವಾರಾ ಹುಬ್ಬಳ್ಳಿಯಿಂದ ಬರ್ತೀರಿ. ಚಪ್ಪಲಿ ಬಿಟ್ಟು ಮುಂದ ಕೂಡ್ತೀರಿ. ಮೈ ತುಂಬಾ ಇಬೂತಿ ಹಚ್ತೀರಿ. ಆ ಕೂಸು ಕಣ್ಣ ಮುಚ್ಚಿ, ಕೈ ಇಟ್ಟು ಬೇಡಿಕೋತೈತಿ. ನಮ್ಮ ಹೊಲದಾಗ ತಾಯಿ ಇದ್ದಾಳ, ನಾವ ಕಣ್ಣಿಲ್ಲದವ್ರು ಕುಡುಗೋಲ ಮಸಕೋಂತ ಕುಂತೀವಿ ಅಂತ ನಮಗ ಭಾಳ ಕೆಟ್ಟ ಅನಿಸ್ತ್ರಿ.”

ಅಪ್ಪ ಬೇವಿನ ಬೊಡ್ಡೆಗೆ ಒರಗಿ ನಿಂತ. ಅವರು ಕಂಡದ್ದೆಲ್ಲ ಖರೆಯೇ ಆಗಿತ್ತು. ನನಗೆ ಅಳು ಬಂತು, ಅಪ್ಪನಿಗಾಗಿ ಅಲ್ಲ. ಮಂಗಲಾ ಅಷ್ಟು ವಾರ ಮುಟ್ಟಿದ ಅಕ್ಷರಗಳನ್ನು ನಾನು ಒಮ್ಮೆಯೂ ಮುಟ್ಟಲಾಗದೆ ಹೋಯಿತಲ್ಲ ಎಂದು. ಅವ್ವ ಮಾತ್ರ ಕಲ್ಲಿನ ಮುಂದೆ ಬಂದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಹೆಣ್ಣು ನೋಡಲು ಬಂದ ಅತ್ತೆಯ ಹಾಗೆ ಅದನ್ನು ಮೇಲಿಂದ ಕೆಳಗೆ ನೋಡಿದಳು. ಬಳೆಗಳನ್ನು ಒಂದೊಂದಾಗಿ ನೋಡಿದಳು. ಅವಳ ಕೈ ಮೆಲ್ಲಗೆ ಸೊಂಟದಿಂದ ಇಳಿಯಿತು.

“ಎಷ್ಟ ಸಣ್ಣ ಕೈ ಐತಿ. ನಮ್ಮ ಮಂಗಲಾನ ಓರಗಿಯಾಕಿ ಇದ್ದಿರಬೇಕು,” ಎಂದಳು. “ಬೆಂಕ್ಯಾಗ ಹಾಕಿದ್ರು, ಕಲ್ಲ ನಿಲ್ಲಿಸಿದ್ರು, ಹೆಸರಿನ ಮ್ಯಾಲೆ ಕುಡುಗೋಲ ಮಸದ್ರು. ಪಾಪ ನನ ಕೂಸ.” ಆಮೇಲೆ ಯಲ್ಲವ್ವನ ಕಡೆ ತಿರುಗಿ, “ಖಣಾ ಐತೇನವ್ವಾ? ಅಕ್ಕಿ, ಕೊಬ್ಬರಿ ಬಟ್ಲಾ? ಹೆಣ್ಣಮಗಳ ಬಾಗಿಲಿಗೆ ಬಂದೇನಿ, ಉಡಿ ತುಂಬಲಾರದ ಹೆಂಗ ಹೋಗ್ಲಿ?”

ಹೆಂಗಸರಿಗೆ ಅಷ್ಟೇ ಬೇಕಾಗಿತ್ತು. ಯಾರೋ ಓಡಿ ಹೋಗಿ ಎಲ್ಲ ತಂದರು. ಅವ್ವ ಕಲ್ಲಿನ ಉಡಿ ತುಂಬಿದಳು. ಅವರು ಅವ್ವನ ಉಡಿ ತುಂಬಲು ಮುಂದಾದರು. ಅಲ್ಲಿಗೆ ಬಂದಾಗ ನಮ್ಮ ಕಡೆ ಸುಮ್ಮನೆ ಬಿಡುವುದುಂಟೇ? ಉಡಿ ತುಂಬಿಸಿಕೊಳ್ಳುವವಳು ಒಡಪು ಕಟ್ಟಿ ಅದರೊಳಗೆ ಗಂಡನ ಹೆಸರು ಹೇಳಲೇಬೇಕು. ಹೇಳುವ ತನಕ ಅಕ್ಕಿಯ ಮುಷ್ಟಿ ಬಿಚ್ಚುವುದಿಲ್ಲ ಎಂದು ಯಲ್ಲವ್ವ ಹಟ ಹಿಡಿದಳು. ಅವ್ವ ಅಪ್ಪನ ಕಡೆ ಓರೆಗಣ್ಣಲ್ಲಿ ನೋಡಿ ಒಂದೇ ಉಸಿರಿಗೆ ಹೇಳಿದಳು:

“ರೊಟ್ಟಿಗೆ ಬೆಣ್ಣಿ, ಚಟ್ನಿಗೆ ಉಪ್ಪು,
ಕಲ್ಲಿನಾಕೀ ಮೈ ಎಷ್ಟೊಂದು ಕಪ್ಪು,
ಆಕೀನ್ನ ಕಂಡ್ರ ನಮ್ಮ ಶಿವಪುತ್ರಪ್ಪನವರಿಗೆ ಮನಿ ಹಾದೀನ ಇಲ್ಲ ನೆಪ್ಪು!”

ಹೊಲವೆಲ್ಲ ನಕ್ಕಿತು. ಗಿಡದಿಂದ ಗಿಣಿಗಳು ಎದ್ದು ಹೋದವು. ಯಲ್ಲವ್ವ ಕಣ್ಣೊರೆಸಿಕೊಳ್ಳುತ್ತ ಅಪ್ಪನ ಕಡೆ ತಿರುಗಿದಳು.

“ಇನ್ನ ನಿಮ್ದ್ರೀ ಸಾವಕಾರ್ರ! ಅಕ್ಕಾರು ಹೇಳ್ಯಾರ. ನೀವು ಹೇಳೂ ಮಟಾ ಬೇವಿನ ಗಿಡಾ ಬಿಟ್ಟು ಹೋಗಾಕ ಕೊಡಂಗಿಲ್ಲ.”

ಅಪ್ಪ ಒಲ್ಲೆನೆಂದ. ಒಡಪು ಬರುವುದಿಲ್ಲ ಎಂದ. ಹೆಂಗಸರು ಸುತ್ತುವರಿದರು. ಅವ್ವ ಉಡಿಯಲ್ಲಿ ಅಕ್ಕಿ ಹಿಡಿದು ನೆಲ ನೋಡುತ್ತ ನಿಂತಿದ್ದಳು. ಕಿವಿಯ ಬುಗುಡಿ ಅಲ್ಲಾಡುತ್ತಿತ್ತು. ಅಪ್ಪ ಒಮ್ಮೆ ಕಲ್ಲಿನ ಕಡೆ ನೋಡಿದ, ಒಮ್ಮೆ ಅವಳ ಕಡೆ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಮೇಲೆ, ಗುಡಿಗಳಲ್ಲಿ ಶಾಸನ ಓದುವಾಗ ತೆಗೆಯುತ್ತಿದ್ದ ಆ ದೊಡ್ಡ ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ:

“ಸ್ವಸ್ತಿ ಶ್ರೀ! ಹುಬ್ಬಳ್ಳಿಯ ಶಿವಪುತ್ರಪ್ಪನ ಅರಸಿ, ಅನ್ನದಾನ ವಿನೋದೆ, ಸಿಟ್ಟಿನೊಳ್ ಸೂರ್ಯೆ, ನೀಲಗಂಗಬ್ಬೆ!”

ಹೇಳಿದವನೇ ಜೋರಾಗಿ ನಕ್ಕುಬಿಟ್ಟ. ಅವ್ವನನ್ನು ನೋಡಿ ಹಾಗೆ ಅವನು ನಕ್ಕದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಅವ್ವನ ಉಡಿಯಿಂದ ಅಕ್ಕಿ ಸುರಿಯಿತು. ಆದರೆ ಹೆಂಗಸರು ನಗಲಿಲ್ಲ. ಎಲ್ಲರೂ ಕಲ್ಲಿನ ಕಡೆ ತಿರುಗಿ ಕೈ ಮುಗಿದರು.

“ನೀಲಗಂಗವ್ವ!” ಎಂದಳು ಯಲ್ಲವ್ವ, ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತ. “ತಾಯೀ, ಎಷ್ಟ ದಿನಾ ಹೆಸರ ಬಚ್ಚಿಟ್ಟಿದ್ದೆವ್ವಾ! ಕಡೀಕೂ ಓದಿ ಕೊಟ್ರಲ್ರೀ ಸಾವಕಾರ್ರು!”

ಅದು ಕಲ್ಲಿನ ಹೆಸರಲ್ಲ, ನನ್ನ ಹೆಂಡತಿಯ ಹೆಸರು ಎಂದು ಅಪ್ಪ ಹೇಳಹೊರಟ. ಅವ್ವ ಸೆರಗಿನ ಮರೆಯಲ್ಲಿ ಅವನ ತೋಳು ಚಿವುಟಿದ್ದನ್ನು ನಾನು ನೋಡಿದೆ. ಅಪ್ಪ ಬಾಯಿ ಮುಚ್ಚಿದ.

ಈಗ ಅಲ್ಲಿ ತಗಡಿನ ಚಪ್ಪರವಿದೆ, ಕೆಂಪು ಅಕ್ಷರದಲ್ಲಿ ಶ್ರೀ ನೀಲಗಂಗಮ್ಮ ದೇವಿ ಎಂದು ಬೋರ್ಡು ಇದೆ. ಪ್ರತಿ ವರ್ಷ ಹೊಸ ಸೀರೆ ಉಡಿಸುತ್ತಾರೆ. ಸುದ್ದಿ ಕೇಳಿದಾಗಲೆಲ್ಲ ಅವ್ವ, ಈಗ ಆಯಿಯಷ್ಟೇ ಮುದುಕಿಯಾಗಿರುವ ನಮ್ಮವ್ವ, ಮೊಣಕಾಲು ತಿಕ್ಕುತ್ತ, “ನನ್ನ ಹೆಸರ ಹೇಳಿ ಆಕಿ ಸೀರಿ ಉಡಾಕತ್ತಾಳ ನೋಡ. ನನಗ ಯಾರರ ಒಂದು ಖಣಾ ತಂದ್ರೇನು?” ಎನ್ನುತ್ತಾಳೆ. ಹೊಟ್ಟೆಕಿಚ್ಚು ಹೋಗಿಲ್ಲ, ಕಲ್ಲಿನಾಕೆ ಸವತಿಯಿಂದ ಓರಗಿತ್ತಿಯಾಗಿದ್ದಾಳೆ, ಅಷ್ಟೇ. ಮಂಗಲಾ ಶಾಸನಗಳನ್ನೇ ಓದಿ, ಅದನ್ನೇ ಕಲಿಸುತ್ತ ಬೇರೆ ಊರಿನಲ್ಲಿದ್ದಾಳೆ. ನನಗೆ ಹುಬ್ಬಳ್ಳಿಯೇ ಸಾಕಾಯಿತು.

ಅಂದು ಮರಳಿ ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಕೂತಿದ್ದ. ನಗು ಇಳಿದು ಮುಖ ಸಣ್ಣದಾಗಿತ್ತು. ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. ನಾನು ಉಸಿರು ಬಿಗಿಹಿಡಿದು ಕಾದೆ. “ಮಂಗಲಾಗ ಹೆಂಗ ಹೇಳೂದು ಶಾಂತೂ?” ಎಂದ. ಇಡೀ ದಿನ ಪಕ್ಕದಲ್ಲಿದ್ದವಳು ನಾನು. ಅವನು ನೆನೆದದ್ದು ಅವಳನ್ನು. ಹಸಿ ಮೆಣಸಿನಕಾಯಿಯ ಆ ಉರಿ ಮತ್ತೆ ಕಿವಿಯ ತನಕ ಏರಿತು.

“ನಾ ಹೇಳ್ತೇನಿ ತಗೊ,” ಎಂದೆ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅಪ್ಪ ಪಡಸಾಲೆಯಲ್ಲೇ ಕೂತುಬಿಟ್ಟ. ಅವ್ವ ಗಂಜಿಯ ಬಟ್ಟಲು ನನ್ನ ಕೈಗೆ ಕೊಟ್ಟಳು. ಮಂಗಲಾ ಕೌದಿಯಿಂದ ತಲೆ ಹೊರಗೆ ಹಾಕಿ, ಬಾತ ಗಂಟಲಲ್ಲೇ ಕೇಳಿದಳು.

“ಅಕ್ಷರಾ ಸಿಕ್ಕುವೇನಲೇ?”

“ಇಲ್ಲ. ಇನ್ನ ಸಿಗಂಗೂ ಇಲ್ಲ. ಕಲ್ಲಿಗೆ ಎಣ್ಣಿ ಹಾಕ್ಯಾರ.”

ಅವಳು ಗೋಡೆಯ ಕಡೆ ಹೊರಳಿದಳು. ಹೆಗಲು ಅಲುಗುತ್ತಿತ್ತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಆದರೆ ದುಃಖವೂ ಆಗಲಿಲ್ಲ. ಗಂಜಿಯ ಬಟ್ಟಲನ್ನು ಅವಳ ಹತ್ತಿರ ಇಟ್ಟು ನಾನು ಹೇಳಿದೆ, “ಹೆಸರ ಮಾತ್ರ ಸಿಕ್ತು. ಅಪ್ಪ ಇಟ್ಟು ಬಂದ.”

“ಇಟ್ಟು ಬಂದ್ರಾ? ದೊಡ್ಡಪ್ಪ? ಯಾವ ಹೆಸರ?” ಅವಳು ಎದ್ದೇ ಕೂತಳು. ಕಣ್ಣು ಕೆಂಪಗಿದ್ದವು.

“ನಿನ್ನ ದೊಡ್ಡವ್ವನ ಹೆಸರ ಅಂದಾನ. ಎಲ್ಲಾರ ಮುಂದ. ದೊಡ್ಡದಾಗಿ.”

ಮಂಗಲಾ ನನ್ನನ್ನೇ ನೋಡುತ್ತ ಉಳಿದಳು. ಆ ನೋಟ ನನಗೆ ಚೆನ್ನಾಗಿ ಗೊತ್ತಿತ್ತು. ಅಷ್ಟು ತಿಂಗಳು ಅದನ್ನು ನಾನೇ ಹೊತ್ತು ತಿರುಗಿದ್ದೆ. ಅವಳ ಮುಖದ ಮೇಲೆ ಅದು ಹೇಗೆ ಕಾಣುತ್ತದೆಂದು ಮಾತ್ರ ತಿಳಿದಿರಲಿಲ್ಲ.

“ನಾ ಇಲ್ಲದ ದಿನಾನ ಆಗಬೇಕಿತ್ತಾ ಅದು?” ಎಂದಳು. “ನೀ ಅಲ್ಲೇ ಇದ್ದ್ಯಾ? ಹೆಂಗ ಅಂದ್ರು? ನಕ್ಕರಾ? ದೊಡ್ಡವ್ವ ಏನಂದ್ಲು? ಹೇಳಲೇ ಶಾಂತೀ, ಎಲ್ಲಾ ಹೇಳ, ಒಂದೂ ಬಿಡಬ್ಯಾಡ.”

“ಮದಲ ಗಂಜಿ ಕುಡಿ.”

ಅವಳು ಬಟ್ಟಲು ಎತ್ತಿ, ನೋಯುವ ಗಂಟಲಲ್ಲೇ, ಗಟಗಟನೆ ಕುಡಿದು ಮುಗಿಸಿದಳು. ನಾನು ಕೌದಿಯ ಅಂಚು ಸರಿಸಿ ಅವಳ ಎದುರಿಗೆ ಕಾಲು ಮಡಚಿಕೊಂಡು ಕೂತೆ. ಬಸ್ಸಿನಲ್ಲಿ ನಮ್ಮ ಮುಂದೆ ಯಾರು ಕೂತಿದ್ದರು ಎಂಬಲ್ಲಿಂದ ಶುರು ಮಾಡಿದೆ. ಅವಸರ ಮಾಡಲಿಲ್ಲ.